ದಪ್ಪ ಹಿಡಿ

ಸಂಜೆ ಆರೂಕಾಲಿಗೆ, ಕೋಲ್ಕತ್ತದ ಸದರ್ನ್ ಅವೆನ್ಯೂ ಬಳಿಯ ಕ್ಲಿನಿಕ್ಕಿನಲ್ಲಿ, ಉಡುಪಿ ಕಡೆಯ ನಮ್ಮ ಹಿರಿಯ ದಂತವೈದ್ಯೆಯ ಮರಗಟ್ಟಿದ ಬೆರಳುಗಳಿಂದ ಹಲ್ಲು ಕೆರೆಯುವ ಸಪೂರ ಉಪಕರಣ ಜಾರಿ, ರೋಗಿಯ ಕಣ್ಣಿನ ಪಕ್ಕದಲ್ಲೇ ಬಿತ್ತು. ಕಿರಿಯ ವೈದ್ಯೆಯಾಗಿ ಹತ್ತಿರ ನಿಂತಿದ್ದ ನನಗೆ ಆ ಮೊನೆ ಈಗಲೂ ಕಾಣುತ್ತದೆ.

ಐಟಿ ಕಂಪನಿಗಳ ಉದ್ಯೋಗಿಗಳು ಹಲ್ಲು ಶುಚಿ ಮಾಡಿಸಲು ಸಾಲುಗಟ್ಟಿ ಬರುತ್ತಿದ್ದ ಕಾಲ. "ಇನ್ನೊಂದೇ ಹಲ್ಲು" ಎನ್ನುತ್ತ ಮೇಡಂ ಅಂಗೈ ತಿಕ್ಕಿಕೊಂಡು ಮತ್ತೆ ಬಾಗುವರು. ರಾತ್ರಿ ಕೈನೋವು ಅವರನ್ನು ಮಲಗಲು ಬಿಡುತ್ತಿರಲಿಲ್ಲ.

"ದಪ್ಪ ಹಿಡಿಯ ಉಪಕರಣ ತರಿಸಿ, ಮೇಡಂ" ಎಂದೆ.

"ಹಲ್ಲು ಕೆರೆಯುದಾ, ಸಾಂಬಾರು ತಿರುಗಿಸುದಾ ಮಾರಾಯ್ತಿ?"

ಆದರೂ ಮಾದರಿಗಳು ಬಂದಾಗ ಮಣ್ಣಿನ ಚಹಾ ಕಪ್ಪುಗಳನ್ನು ಕೆರೆದು ನೋಡಿದರು. ಹಳೆಯ ಸಪೂರ ಹಿಡಿಯನ್ನು ಬಿಗಿಯಾಗಿ ಅದುಮಬೇಕಾಗಿ ಬಂದು ಒಂದು ಕಪ್ಪು ಒಡೆಯಿತು. ಹಗುರವಾದ ದಪ್ಪ ಹಿಡಿಯಲ್ಲಿ ಕೆರೆದ ಇನ್ನೊಂದು ಒಡೆಯಲಿಲ್ಲ. ಆ ದಪ್ಪ ಹಿಡಿಯದನ್ನೇ ಇಟ್ಟುಕೊಂಡರು.

ಮಳೆಗಾಲದ ಒಂದು ಸೋಮವಾರ ತಡವಾಗಿ ಬಂದರು. "ರಾತ್ರಿಯಿಡೀ ಕೈನೋವು ನನ್ನನ್ನು ಎಬ್ಬಿಸ್ಲೇ ಇಲ್ಲ ಮಾರಾಯ್ತಿ" ಎಂದರು.