ನಾನು ಕತ್ತರಿಸಿದ ಗೋಪುರಗಳು

ಚೀನಾ ದೇಶ ಚಳಿಗಾಲದ ಒಲಿಂಪಿಕ್ಸನ್ನು ಚೆನ್ನಾಗಿ ನಡೆಸಿತೇ ಇಲ್ಲವೇ ಎಂಬ ಪ್ರಶ್ನೆಯನ್ನು ಊರಿಗಾಂನ ಒಂದು ಟೀ ಅಂಗಡಿಯಲ್ಲಿ ಎರಡು ಭಾನುವಾರ ಚರ್ಚಿಸಲಾಯಿತು. ಮೊದಲ ಭಾನುವಾರ ತೀರ್ಪು ಕೊಟ್ಟವನು ನಾನು. ಎರಡನೆಯ ಭಾನುವಾರ ಆ ಜಾಗದಲ್ಲಿ ಬೇರೊಬ್ಬ ಕೂತಿದ್ದ. ಅದು ಹೇಗಾಯಿತು ಎಂಬುದನ್ನು, ನನಗೆ ಅನುಕೂಲವಾಗಲಿ ಆಗದಿರಲಿ, ಆದ ಹಾಗೇ ಬರೆದಿಡುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಯ ಕ್ರೀಡಾ ಪುಟದಲ್ಲಿ ಉಪಸಂಪಾದಕ. ಹುಟ್ಟಿದ್ದು ಊರಿಗಾಂ ಪಕ್ಕದ ಹಳ್ಳಿಯಲ್ಲಿ, ಈಗಿನ ಮನೆ ಬಂಗಾರಪೇಟೆಯಲ್ಲಿ. ದಿನಾ ರೈಲು. ಕ್ರೀಡಾ ವಿಭಾಗದವರಿಗೆ ಭಾನುವಾರ ರಜೆ ಸಿಗುವುದು ಅಪರೂಪ. ನಾನು ಎರಡು ವರ್ಷ ಕೇಳಿ ಕೇಳಿ ಅದನ್ನು ಪಡೆದಿದ್ದೆ. ಮನೆಯವರಿಗೆ ಹೇಳಿದ ಕಾರಣ ಬೇರೆ, ನಿಜವಾದ ಕಾರಣ ಆ ಟೀ ಅಂಗಡಿಯ ಸ್ಟೂಲು.

ಅಂಗಡಿ ಇರುವುದು, ಈಗ ಮುಚ್ಚಿರುವ ಚಿನ್ನದ ಗಣಿಯ ಕಂಪನಿ ಕೆಲಸಗಾರರಿಗೆ ಕಟ್ಟಿಸಿದ್ದ ಲೈನ್ ಮನೆಗಳ ತುದಿಯಲ್ಲಿ. ಹೊರಗೆ ಎದುರುಬದುರಾಗಿ ಎರಡು ಬೆಂಚು, ನಡುವೆ ಒಂದು ಮೇಜು, ಮೇಜಿನ ತಲೆಗೆ ಒಂದು ಸ್ಟೂಲು. ಬೆಳಿಗ್ಗೆ ಎಂಟಕ್ಕೆ ಗಣಿಯಲ್ಲಿ ದುಡಿದವರು, ಸುತ್ತಲ ಹಳ್ಳಿಗಳಿಂದ ಹಾಲು ತರುವವರು ಸೇರುತ್ತಾರೆ. ಯಾವುದಾದರೂ ಒಂದು ವಿಷಯ ಹಿಡಿದು ಒಂದು ಬೆಂಚು ಪರ, ಇನ್ನೊಂದು ಬೆಂಚು ವಿರೋಧ. ಸ್ಟೂಲಿನಲ್ಲಿ ಕೂತವನು ಕೊನೆಗೆ ತೀರ್ಪು ಹೇಳಬೇಕು. ಹೇಳುವವರೆಗೆ ಅವನು ಟೀ ಮುಟ್ಟುವ ಹಾಗಿಲ್ಲ. ಪೇಪರಿನವನು, ಯಾರ ಕಡೆಗೂ ವಾಲುವುದಿಲ್ಲ ಎಂದು ಆ ಜಾಗವನ್ನು ನನಗೆ ಕೊಟ್ಟು ಆರು ವರ್ಷವಾಗಿತ್ತು. ಕಚೇರಿಯಲ್ಲಿ ನನ್ನ ಹೆಸರು ಯಾವ ಸುದ್ದಿಯ ಮೇಲೂ ಬರುವುದಿಲ್ಲ. ಇಲ್ಲಿ ನನ್ನ ಮಾತೇ ಕೊನೆಯದು.

ಮಾತಾಡುವುದಕ್ಕೆ ಅಲ್ಲೊಂದು ಕಟ್ಟುಪಾಡಿದೆ. ಅದನ್ನು ತಂದವರು ಗಣಿಯಲ್ಲಿ ವೈಂಡಿಂಗ್ ಡ್ರೈವರ್ ಆಗಿದ್ದ ಹಿರಿಯರು. ಗಣಿಯ ಬಾವಿಯೊಳಗೆ, ಅಂದರೆ ಶಾಫ್ಟಿನೊಳಗೆ, ಕೆಲಸಗಾರರ ಕೇಜು ಇಳಿಸಿ ಏರಿಸುತ್ತಿದ್ದ ಯಂತ್ರ ಅವರ ಕೈಯಲ್ಲಿತ್ತು. ಕೆಳಗಿನಿಂದ ಮೂರು ಸಲ ಗಂಟೆ ಬಡಿದರೆ ಕೇಜಿನಲ್ಲಿ ಮನುಷ್ಯರಿದ್ದಾರೆ, ನಿಧಾನವಾಗಿ ಎಳೆ ಎಂದು ಅರ್ಥ. ಓಡುತ್ತಿರುವಾಗ ಒಂದು ಸಲ ಬಡಿದರೆ ನಿಲ್ಲಿಸು ಎಂದು. ಟೀ ಅಂಗಡಿಯಲ್ಲೂ ಹಾಗೇ. ಮೇಜಿಗೆ ಮೂರು ಸಲ ಕುಟ್ಟಿದವನು ಮಾತಾಡುತ್ತಾನೆ, ಉಳಿದವರು ಸುಮ್ಮನಿರುತ್ತಾರೆ. ಒಂದು ಸಲ ಕುಟ್ಟಿದರೆ ಅವನು ನಿಲ್ಲಿಸಬೇಕು.

ಆ ಮೊದಲ ಭಾನುವಾರ ಒಲಿಂಪಿಕ್ ಕೂಟದ ಕೊನೆಯ ದಿನವೂ ಆಗಿತ್ತು. ಮಂಜಿನ ಮೇಲೆ ಒಮ್ಮೆಯೂ ಕಾಲಿಡದ ಏಳೆಂಟು ಮಂದಿ ಮಂಜಿನಾಟದ ವ್ಯವಸ್ಥೆಯ ಬಗ್ಗೆ ವಾದಕ್ಕೆ ಕೂತಿದ್ದೆವು. ಚೆನ್ನಾಗಿ ನಡೆಸಿದರು ಎನ್ನುವ ಬೆಂಚಿನಲ್ಲಿ ಡ್ರೈವರ್ ಇದ್ದರು. ಎದುರಿನ ಬೆಂಚಿಗೆ ನಮ್ಮೂರಿನ ಮಾವ. ನಮ್ಮಮ್ಮನ ಕಡೆಯ ದೂರದ ನೆಂಟ, ನಾಲ್ಕು ಸೀಮೆಹಸು ಸಾಕಿದ್ದಾನೆ, ಅಂಗಡಿಗೆ ಹಾಲು ಹಾಕುವವನು ಅವನೇ.

ಮಾವ ಗಡಿಯ ಜಗಳದಿಂದ ಶುರು ಮಾಡಿದ. ನಾನು ಒಂದು ಸಲ ಕುಟ್ಟಿ ನಿಲ್ಲಿಸಿದೆ. ಪ್ರಶ್ನೆ ಕೂಟ ನಡೆಸಿದ್ದರ ಬಗ್ಗೆ, ದೇಶದ ಬಗ್ಗೆ ಅಲ್ಲ ಎಂದೆ. ಆಗ ಅವನು ನೀರಿಗೆ ಬಂದ. ಅಲ್ಲಿ ಮಂಜು ಬೀಳುವುದು ಕಡಿಮೆ, ಯಂತ್ರ ಇಟ್ಟು ನೀರನ್ನೇ ಮಂಜು ಮಾಡಿ ಗುಡ್ಡದ ಮೇಲೆ ಸುರಿದಿದ್ದಾರೆ ಎಂದು ಅವನು ಟಿ.ವಿ.ಯಲ್ಲಿ ನೋಡಿದ್ದ. ಬೋರ್‌ವೆಲ್ಲಿನಲ್ಲಿ ಗಾಳಿ ಬರುವ ಊರಿನವನಿಗೆ ಅದು ಸಣ್ಣ ಮಾತಲ್ಲ. ಜನರನ್ನು ಬೇಲಿಯೊಳಗಿಟ್ಟು, ಊರಿನವರಿಗೇ ಟಿಕೆಟು ಕೊಡದೆ ಆಟ ಆಡಿಸಿದರೆ ಅದು ಯಾರ ಹಬ್ಬ ಎಂದೂ ಕೇಳಿದ.

ಡ್ರೈವರ್ ಬೇಲಿಯ ಮಾತಿಗೆ ನಕ್ಕರು. ಶಿಫ್ಟು ಮುಗಿಸಿ ಬರುವಾಗ ದಿನವೂ ಬಟ್ಟೆ ಬಿಚ್ಚಿ ತಪಾಸಣೆ ಕೊಟ್ಟವರು ನಾವು, ಕೊರೊನಾ ಹರಡುವ ಕಾಲದಲ್ಲಿ ಬೇಲಿ ಹಾಕಿದರೆ ತಪ್ಪೇನು ಎಂದರು. ಹೇಳಿದ ದಿನಕ್ಕೆ ಶುರು ಮಾಡಿ ಹೇಳಿದ ದಿನಕ್ಕೆ ಮುಗಿಸುತ್ತಿದ್ದಾರೆ, ಅದಕ್ಕಿಂತ ಏನು ಬೇಕು ಎಂದರು. ಆಮೇಲೆ ಅಂಗಿಯ ಜೇಬಿನಿಂದ ಮಡಿಸಿದ ಪತ್ರಿಕೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು.

ಅದು ಇನ್ನೊಂದು ಪತ್ರಿಕೆಯ ಹಿಂದಿನ ದಿನದ ಲೇಖನ. ಮೇಲೆ ಆರು ಕಾಲಂ ಅಗಲದ ಚಿತ್ರ. ಕಾಲಿಗೆ ಜಾರುಹಲಗೆ ಕಟ್ಟಿಕೊಂಡ ಹುಡುಗನೊಬ್ಬ ಗಾಳಿಯಲ್ಲಿ ತಲೆಕೆಳಗಾಗಿದ್ದಾನೆ. ಅವನ ಹಿಂದೆ ಸಾಲಾಗಿ ಸಿಮೆಂಟಿನ ಭಾರಿ ಗೋಪುರಗಳು. ಮುಚ್ಚಿಹೋದ ಉಕ್ಕಿನ ಕಾರ್ಖಾನೆಯಲ್ಲಿ ನೀರು ತಣಿಸಲು ಕಟ್ಟಿದ್ದವು. ಕಾರ್ಖಾನೆಯನ್ನು ಕೆಡವದೆ ಅದರ ಮಗ್ಗುಲಲ್ಲೇ ಜಾರುವ ಇಳಿಜಾರು ಕಟ್ಟಿ ಲೋಕವನ್ನು ಕರೆದಿದ್ದರು. ಲೇಖನ ಅಲ್ಲಿಂದ ನಮ್ಮ ಸೈನೈಡ್ ಗುಡ್ಡಗಳಿಗೆ ಬಂದಿತ್ತು. ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಗುಡ್ಡಗಳು, ತುಕ್ಕು ಹಿಡಿದ ಶಾಫ್ಟ್ ಚಕ್ರಗಳು, ಎರಡು ದಶಕದಿಂದ ಬೀಗ ಹಾಕಿದ ಶೆಡ್ಡುಗಳು.

“ಇಲ್ಲಿ ಪಾರಪ್ಪಾ,” ಎಂದರು ಡ್ರೈವರ್, ನೋಡು ಎಂಬುದನ್ನು ತಮ್ಮ ತಮಿಳಿನಲ್ಲೇ ಹೇಳಿ, ಬೆರಳನ್ನು ಗೋಪುರದ ಮೇಲಿಟ್ಟು. “ಅವರದ್ದೂ ಮುಚ್ಚಿದ ಕಂಪನಿನೇ. ಅವರು ಅದರ ಮುಂದೆ ಆಟ ಆಡಿಸ್ತಾರೆ. ನಮ್ಮ ಶಾಫ್ಟ್ ಮುಂದೆ ಆಡು ಮೇಯ್ತದೆ.”

“ಸಿನಿಮಾದೋರು ಬತ್ತಾರಲ್ಲ, ಗುಡ್ಡದ ಮ್ಯಾಲೆ ಫೈಟಿಂಗ್ ಮಾಡಾಕೆ,” ಎಂದ ಮಾವ.

ಎಲ್ಲರೂ ನಕ್ಕರು, ಆದರೆ ಚಿತ್ರವನ್ನು ಯಾರೂ ಬಿಡಲಿಲ್ಲ. ಒಬ್ಬರಿಂದ ಒಬ್ಬರಿಗೆ ದಾಟಿಸಿ ನೋಡಿದರು. ಟೀ ಅಂಗಡಿಯ ಅಕ್ಕ ಕೂಡ ಕೈ ಒರೆಸಿಕೊಂಡು ಬಂದು ನೋಡಿದರು. ಯಾರದೋ ದೇಶದ ಹಳೆ ಕಾರ್ಖಾನೆಯನ್ನು ಕಂಡು ಒಂದು ಬೆಂಚು ತುಂಬ ಜನ ಹೊಟ್ಟೆಕಿಚ್ಚು ಪಡುವುದನ್ನು ನಾನು ಅವತ್ತೇ ನೋಡಿದ್ದು.

ನನ್ನ ಕಿಚ್ಚು ಬೇರೆಯದು. ಆ ಚಿತ್ರ ನನ್ನ ಕೈಗೂ ಬಂದಿತ್ತು. ಲೇಖನಕ್ಕಿಂತ ನಾಲ್ಕು ದಿನ ಮೊದಲು, ಸುದ್ದಿಸಂಸ್ಥೆಯ ಚಿತ್ರಗಳ ರಾಶಿಯಲ್ಲಿ. ಪುಟದಲ್ಲಿ ಜಾಗ ಇದ್ದದ್ದು ಎರಡು ಕಾಲಂ. ಆಟಗಾರ ದೊಡ್ಡದಾಗಿ ಕಾಣಬೇಕು, ಹಿನ್ನೆಲೆಯ ಗಲೀಜು ಹೋಗಬೇಕು, ಇದು ನಮ್ಮ ವಿಭಾಗದ ನಿಯಮ. ಹುಡುಗನನ್ನು ಉಳಿಸಿಕೊಂಡು ಗೋಪುರಗಳನ್ನು ಕತ್ತರಿಸಿದೆ. ಅಡಿಬರಹದಲ್ಲಿ ಅವನ ದೇಶ ಮತ್ತು ಅಂಕ ಬರೆದೆ. ಅರ್ಧ ನಿಮಿಷದ ಕೆಲಸ. ಗಣಿ ಮುಚ್ಚಿದ ಊರಿನ ಮಗ್ಗುಲಲ್ಲಿ ಹುಟ್ಟಿದವನು ಆ ಕಚೇರಿಯಲ್ಲಿ ನಾನೊಬ್ಬನೇ.

ಲೇಖನ ಬರೆದವನು ಬಂಗಾರಪೇಟೆಯ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಆ ಪತ್ರಿಕೆಯ ತಾಲ್ಲೂಕು ವರದಿಗಾರ. ನಾನು ಬೆಂಗಳೂರಿಗೆ ಹೋದವನು, ಅವನು ಊರಿನಲ್ಲೇ ಉಳಿದವನು ಎಂಬ ಲೆಕ್ಕ ನನ್ನ ತಲೆಯಲ್ಲಿ ಯಾವಾಗಲೂ ಇತ್ತು. ಅವನ ಹೆಸರು ಆರು ಕಾಲಂ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿತ್ತು.

ತೀರ್ಪು ಕೇಳಿದರು. ನಾನು ಮೂರು ಸಲ ಕುಟ್ಟಿ, ಆತಿಥೇಯ ದೇಶ ಸೋತಿದೆ ಎಂದೆ. ಹೊರಗಿನವರಿಗೆ ಕಾಣಲೆಂದು ಮಾಡಿದ ಕೂಟ, ಊರಿನ ಜನರಿಗಲ್ಲ. ನೀರಿಲ್ಲದ ಕಡೆ ನೀರು ಸುರಿದದ್ದು ವ್ಯವಸ್ಥೆಯಲ್ಲ, ಹಟ. ಗೋಪುರಗಳ ಮುಂದೆ ಜಾರಿದ್ದು ಒಂದು ಒಳ್ಳೆಯ ಚಿತ್ರ, ಅಷ್ಟೆ. ಮಾತು ಸ್ಪಷ್ಟವಾಗಿತ್ತು, ದನಿ ಏರಿರಲಿಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ.

ಗೆದ್ದ ಮಾವನೇ ಮೊದಲು ಮುಖ ಎತ್ತಿದ. “ಯಾಕ್ಲಾ, ಇವತ್ತು ಒಂದು ಬಿಟ್‌ಬಿಟ್ಟೆ,” ಎಂದ. “ಸೋತೋರ ಮಾತ್ನಾಗೆ ಏನು ಗಟ್ಟಿ ಐತೆ ಅಂತ ಮೊದ್ಲು ಏಳಿ ಆಮೇಕೆ ಅಲ್ವಾ ನೀನು ತೀರ್ಪು ಕೊಡೋದು. ಡ್ರೈವರಣ್ಣಂದು ಒಂದೂ ಏಳ್ಲಿಲ್ಲ.”

ಅದು ನಿಜ. ಆರು ವರ್ಷ ತಪ್ಪದೆ ಮಾಡಿದ್ದನ್ನು ಅವತ್ತು ಬಿಟ್ಟಿದ್ದೆ. ಸಮಯವಾಯಿತು, ಅದಕ್ಕೇ ಚುಟುಕಾಗಿ ಹೇಳಿದೆ ಎಂದೆ. ಡ್ರೈವರ್ ಪತ್ರಿಕೆಯ ತುಂಡನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು. “ಇದೇ ವಿಷಯ ಮುಂದಿನ ವಾರನೂ ಇಡೋಣ ಸಾರ್,” ಎಂದರು. “ಇದನ್ನ ಬರೆದೋರು ನಿಮಗೆ ಗೊತ್ತಿರ್ತಾರೆ. ಕರ್ಕೊಂಡು ಬನ್ನಿ. ಒಂದು ಸಲ ಸ್ಟೂಲಲ್ಲಿ ಅವರು ಕೂತ್ಕೊಳ್ಳಲಿ.”

ಆಗಲಿ ಎಂದು ಎರಡೂ ಬೆಂಚಿನವರು ತಲೆಯಾಡಿಸಿದರು.

ಸೋಮವಾರದಿಂದ ಗುರುವಾರದವರೆಗೆ ಕಚೇರಿಯ ಹಳೆ ಪತ್ರಿಕೆಗಳಿಂದ ತೆಗೆದುಕೊಂಡ ಆ ಲೇಖನವನ್ನು ರೈಲಿನಲ್ಲಿ ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಓದಿದ್ದು ತಿದ್ದುವವನ ಕಣ್ಣಿನಿಂದ. ತಪ್ಪು ಮಾಹಿತಿ, ಎರಡು ಸಲ ಬಂದ ವಿಷಯ, ಉಬ್ಬಿಸಿದ ವಾಕ್ಯ, ಏನಾದರೂ ಸಿಕ್ಕರೆ ಸಾಕಿತ್ತು. ಟೇಕಲ್ ದಾಟುವಾಗ ಒಂದು ಸಿಕ್ಕಿತು ಅನ್ನಿಸಿತು. ಮಾಲೂರು ಬರುವಷ್ಟರಲ್ಲಿ ಅದೂ ಸರಿಯೇ ಇತ್ತು. ಅವನು ಚೀನಾಕ್ಕೆ ಹೋಗಿರಲಿಲ್ಲ, ನನ್ನ ಹಾಗೆ ಸುದ್ದಿಸಂಸ್ಥೆಯ ಚಿತ್ರವನ್ನೇ ನೋಡಿ ಬರೆದದ್ದು. ಇದನ್ನು ಬೆಂಚಿಗೆ ಹೇಳಬೇಕು ಎಂದುಕೊಂಡೆ. ಹೇಳಿದರೆ, ನೀನೂ ನೋಡಿದ್ದೆಯಲ್ಲ ಎಂದು ಯಾರಾದರೂ ಕೇಳುತ್ತಾರೆ ಎಂದು ಸುಮ್ಮನಾದೆ.

ಅವನಿಗೆ ಫೋನ್ ಮಾಡಲಿಲ್ಲ. ಅವನಿಗೆ ಬಿಡುವಿಲ್ಲವಂತೆ ಎಂದು ಹೇಳಿಬಿಡುವುದು ಸುಲಭವಿತ್ತು. ತಾಲ್ಲೂಕು ವರದಿಗಾರನಿಗೆ ಬಿಡುವಿಲ್ಲ ಎಂದರೆ ಯಾರೂ ಅನುಮಾನಿಸುವುದಿಲ್ಲ. ಶುಕ್ರವಾರದ ಹೊತ್ತಿಗೆ ಆ ವಾಕ್ಯವನ್ನು ಸಿದ್ಧ ಮಾಡಿಕೊಂಡೂ ಆಗಿತ್ತು.

ಶನಿವಾರ ಮಧ್ಯಾಹ್ನ ರೈಲಿಗೆ ಹೊರಟವನಿಗೆ ಬಂಗಾರಪೇಟೆ ನಿಲ್ದಾಣದ ಮೇಲ್ಸೇತುವೆಯಲ್ಲಿ ಅವನೇ ಎದುರಾದ. ಪಕ್ಕಕ್ಕೆ ನಿಂತು ಮಾತಾಡಿದೆವು. ಲೇಖನ ಚೆನ್ನಾಗಿತ್ತು ಎಂದೆ, ಹೇಳಲೇಬೇಕಿತ್ತು. ಅವನು ಸಂಕೋಚದಿಂದ ನಕ್ಕ.

“ನಿಜ ಹೇಳ್ಲಾ ಗುರು? ಅದು ನೀನು ಬರೀತೀಯ ಅಂದ್ಕೊಂಡಿದ್ದೆ,” ಎಂದ. “ನಿಮ್ಮ ಪೇಪರಲ್ಲಿ ಟವರ್ ಬಿಟ್ಟು ಬರೀ ಹುಡುಗನ್ನ ಹಾಕಿದ್ರಲ್ಲ, ಒಳ್ಳೇ ಭಾಗ ನೀನು ದೊಡ್ಡ ಲೇಖನಕ್ಕೆ ಎತ್ತಿಟ್ಕೊಂಡಿದೀಯ ಅಂತ ಎರಡು ದಿನ ಕಾದೆ. ಊರಿಗಾಂ ಕಡೆಯೋನು ನೀನು. ನಾನು ಪೇಟೆಯೋನು. ಬರಲಿಲ್ಲ, ಆಮೇಲೆ ಕೂತ್ಕೊಂಡು ಬರೆದೆ.”

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು. ಲೇಖನ ಅವನದು, ಹೆಸರು ಅವನದು, ಈಗ ದೊಡ್ಡತನವೂ ಅವನದೇ. ಭಾನುವಾರ ಊರಿಗಾಂಗೆ ಬಾ, ನಿನಗೊಂದು ಸ್ಟೂಲು ಕಾದಿದೆ ಎಂದು ಹೇಳಿದೆ. ನನ್ನ ರೈಲು ಬಂತು.

ಎರಡನೆಯ ಭಾನುವಾರ ನಾನು ಎಲ್ಲಿ ಕೂರಬೇಕು ಎಂಬುದು ನನಗೇ ತಿಳಿಯಲಿಲ್ಲ. ಮಾವ ಜರುಗಿ ತನ್ನ ಬೆಂಚಿನಲ್ಲಿ ಜಾಗ ಮಾಡಿದ. ವರದಿಗಾರ ಸ್ಟೂಲಿನಲ್ಲಿ ಕೂತ. ಕಟ್ಟುಪಾಡನ್ನು ಡ್ರೈವರ್ ವಿವರಿಸಿದರು. ವಾದ ಹಿಂದಿನ ವಾರದ ಹಾಗೇ ಬೇಲಿ, ನೀರು, ಗೋಪುರ ಎಂದು ಸಾಗಿತು. ವಿರೋಧದ ಬೆಂಚಿನ ಕೊನೆಯ ಸರದಿ ನನ್ನದು. ಮೂರು ಸಲ ಕುಟ್ಟಿದೆ.

ಆ ಚಿತ್ರ ನನಗೆ ಮೊದಲೇ ಬಂದಿತ್ತು, ಗೋಪುರಗಳನ್ನು ಕತ್ತರಿಸಿದವನು ನಾನು, ಹೋದ ವಾರದ ತೀರ್ಪು ಇದನ್ನು ಬರೆದವನ ಮೇಲಿನ ಹೊಟ್ಟೆಕಿಚ್ಚಿನಿಂದ ಕೊಟ್ಟದ್ದು, ಆದ್ದರಿಂದ ಅದನ್ನು ಲೆಕ್ಕಕ್ಕೆ ಇಡಬೇಡಿ ಎಂದೆ. ಸುದ್ದಿಯ ಮೊದಲ ಪ್ಯಾರಾದ ಹಾಗೆ ನಾಲ್ಕು ಸಾಲಿನಲ್ಲಿ ಮುಗಿಸಿದೆ.

ಡ್ರೈವರ್ ಮೂರು ಸಲ ಕುಟ್ಟಿದರು. ನನ್ನನ್ನು ಬಿಟ್ಟು ಸ್ಟೂಲಿನ ಕಡೆ ತಿರುಗಿದರು. “ಸಾರ್, ಆ ಕಾರ್ಖಾನೇಲಿ ಕೆಲಸ ಮಾಡ್ತಿದ್ದೋರು ಏನಾದ್ರು?”

ಕೆಲವರಿಗೆ ಅದೇ ಆವರಣದಲ್ಲಿ ಕೆಲಸ ಸಿಕ್ಕಿತಂತೆ ಎಂದು ಓದಿದ್ದೇನೆ, ಉಳಿದವರದ್ದು ಗೊತ್ತಿಲ್ಲ ಎಂದ ಅವನು. ಬರೆಯುವಾಗ ಆ ಪ್ರಶ್ನೆ ತನಗೆ ಹೊಳೆಯಲಿಲ್ಲ ಎಂದೂ ಒಪ್ಪಿಕೊಂಡ. ಆಮೇಲೆ ತೀರ್ಪು ಹೇಳಿದ. ಮೊದಲು ಮಾವನ ನೀರಿನ ಮಾತನ್ನು ಎತ್ತಿ, ಅದಕ್ಕೆ ತನ್ನ ಬಳಿ ಉತ್ತರವಿಲ್ಲ ಎಂದ. ಹೇಳಿದ ಹೊತ್ತಿಗೆ ನಡೆಸಿ ಮುಗಿಸಿದ್ದಕ್ಕೆ ಅವರಿಗೆ ಪೂರ್ತಿ ಅಂಕ ಕೊಟ್ಟ. ಹಳೆಯದನ್ನು ಉಳಿಸಿದ್ದಕ್ಕೂ ಕೊಟ್ಟ. ಆ ಉಕ್ಕಿನ ಕೆಲಸಗಾರರ ಸುದ್ದಿ ತಿಳಿಯುವವರೆಗೆ ಚೆನ್ನಾಗಿ ನಡೆಸಿದರು ಎಂದು ಸಹಿ ಹಾಕಲಾರೆ ಎಂದು ಮುಗಿಸಿದ.

ಎರಡೂ ಬೆಂಚುಗಳು ಒಪ್ಪಿದವು. ನಾನು ಕೊಡಬೇಕಾಗಿದ್ದ ತೀರ್ಪು ಅದು. ಅದಕ್ಕಿಂತ ತುಸು ಒಳ್ಳೆಯದೇ ಆಗಿತ್ತು. ಅಕ್ಕ ಅವನಿಗೆ ಟೀ ತಂದಿಟ್ಟು, ಮುಂದಿನ ವಾರವೂ ಬರುತ್ತೀರಲ್ಲ ಎಂದು ಕೇಳಿದರು. ಬರುತ್ತೇನೆ ಎಂದ. ನನ್ನನ್ನು ಯಾರೂ ಬಯ್ಯಲಿಲ್ಲ. ಯಾರೂ ಸ್ಟೂಲಿಗೆ ಮತ್ತೆ ಕರೆಯಲೂ ಇಲ್ಲ.

ಇದಾಗಿ ಕೆಲವು ವರ್ಷವಾಯಿತು. ಈಚೆಗೆ ಇಟಲಿಯಲ್ಲಿ ಮತ್ತೊಂದು ಕೂಟ ನಡೆದಾಗ ತೀರ್ಪು ಕೊಟ್ಟವನೂ ಅವನೇ. ನಾನು ವಿರೋಧದ ಬೆಂಚಿನಲ್ಲಿದ್ದೆ. ಭಾನುವಾರದ ರಜೆ ಬಿಟ್ಟುಕೊಟ್ಟಿಲ್ಲ. ಕಿಚ್ಚು ಆರಿದೆ ಎಂದು ಬರೆದರೆ ಅದು ತಪ್ಪು ಮಾಹಿತಿಯಾಗುತ್ತದೆ.

ಆ ಎರಡನೆಯ ಭಾನುವಾರ ಮಾವನನ್ನು ಬೈಕಿನಲ್ಲಿ ಊರಿಗೆ ಬಿಡುತ್ತಿದ್ದೆ. ಖಾಲಿ ಹಾಲಿನ ಕ್ಯಾನು ಅವನ ತೊಡೆಯ ಮೇಲೆ ಸದ್ದು ಮಾಡುತ್ತಿತ್ತು.

“ಚೆನ್ನಾಗಿ ಏಳ್ತಾನೆ ಕಣ್ಲಾ ಅವನು,” ಎಂದ. ಸ್ವಲ್ಪ ದೂರ ಹೋದ ಮೇಲೆ, “ನೀನೂ ಚೆನ್ನಾಗೇ ಏಳ್ತಿದ್ದೆ,” ಎಂದ.

ಇಬ್ಬರಲ್ಲಿ ಯಾರು ಮೇಲು ಎಂದು ಕೇಳಬಾರದಿತ್ತು, ಕೇಳಿದೆ.

“ಅದ್ನ ನನ್ನ ಯಾಕ್ಲಾ ಕೇಳ್ತೀಯ,” ಎಂದ ಮಾವ. “ತೀರ್ಪು ಕೊಡೋನು ಈಗ ಅವನಲ್ವಾ.”