ಕೆಪ್ಯಾಸಿಟರ್ ಮಾಮನಿಗೆ ವಿಷಯ ಸಿಕ್ಕಿದ್ದು

ನನ್ನ ಮೈದುನನಿಗೆ ಸಂಶೋಧನಾ ಪ್ರಬಂಧಕ್ಕೊಂದು ವಿಷಯ ಸಿಗುವಷ್ಟರಲ್ಲಿ ನಮಗೆಲ್ಲ ಸಾಕುಸಾಕಾಗಿತ್ತು. ಕಾಲೇಜಿನಲ್ಲಿ ವಿದ್ಯುತ್ ವಿಭಾಗದ ಮೇಷ್ಟ್ರು ಅವನು. ಒಂದು ದಿನ ಗಾಳಿಯಂತ್ರ ಅನ್ನುತ್ತಿದ್ದ, ಮರುದಿನ ಸೋಲಾರ್, ಆಮೇಲೆ ಇಡೀ ದೇಶದ ಗ್ರಿಡ್! ಅದನ್ನು ಯಾರೋ ಆಗಲೇ ಬರೆದಿದ್ದಾರೆಂದು ಗೊತ್ತಾದೊಡನೆ ಮುಖ ಜೋಲು ಹಾಕುತ್ತಿದ್ದ. ಸೋಮವಾರದೊಳಗೆ ವಿಷಯ ಕೊಡದಿದ್ದರೆ ನೋಂದಣಿಯೇ ರದ್ದು ಎಂದು ಅವನ ಗೈಡ್ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು.

ಮನೆಯಲ್ಲಿ ಎತ್ತಬಾರದ ಮಾತೊಂದಿತ್ತು. ನಮ್ಮ ಕಟ್ಟಡದ ಲಿಫ್ಟ್ ಹೊರಟಾಗಲೆಲ್ಲ ಮನೆಮನೆಯ ದೀಪ ಒಮ್ಮೆ ಮಂಕಾಗುತ್ತದೆ. ಹೋದ ವರ್ಷ ಇವನು "ನಾನ್ ಸರಿ ಮಾಡ್ತೀನಿ" ಎಂದು ಎದೆ ತಟ್ಟಿಕೊಂಡು, ಕೆಳಗಿನ ಮೀಟರ್ ಕೋಣೆಯಲ್ಲಿ ಕೆಪ್ಯಾಸಿಟರ್ ಡಬ್ಬಿಯೊಂದನ್ನು ಕೂರಿಸಿದ. ಎಲ್ಲರನ್ನೂ ಕರೆದು ಲಿಫ್ಟಿನ ಗುಂಡಿ ಒತ್ತಿದ. ದೀಪ ಎಂದಿನಂತೆಯೇ ಮಂಕಾಯಿತು. ಅಂದಿನಿಂದ ಕಟ್ಟಡದ ಮಕ್ಕಳಿಗೆಲ್ಲ ಅವನು ಕೆಪ್ಯಾಸಿಟರ್ ಮಾಮ. ದೀಪ ಮಂಕಾದಾಗಲೆಲ್ಲ ಪಾಪ, ತಲೆ ತಗ್ಗಿಸುತ್ತಿದ್ದ.

ನಮ್ಮತ್ತೆಯದು ಇನ್ನೊಂದು ಹಟ. ಮಂಡಿ ನೋವಿಟ್ಟುಕೊಂಡು ನಾಲ್ಕು ಮಹಡಿ ಮೆಟ್ಟಿಲು ಹತ್ತುವುದು. ಯಾಕೆಂದು ಕೇಳಿದರೆ, "ನಡೆದ್ರೆ ಒಳ್ಳೇದಮ್ಮ" ಎನ್ನುವರು.

ಭಾನುವಾರ ಸಂಜೆ ಮೇಡಂ ವಿಡಿಯೋ ಕರೆ ಮಾಡಿದರು. ಮೈದುನ ತಡವರಿಸುತ್ತಿದ್ದಾಗಲೇ ದೀಪ ಮಂಕಾಯಿತು.

"ಏನ್ರೀ ಅದು?"

"ಏನಿಲ್ಲ ಮೇಡಂ..."

ನನಗೆ ರೇಗಿಹೋಯಿತು. ಪಕ್ಕದಿಂದಲೇ ಕೂಗಿದೆ: "ಲಿಫ್ಟು ಮೇಡಂ! ಇವನೇ ರಿಪೇರಿ ಮಾಡೋಕ್ ಹೋಗಿ ಕೈ ಸುಟ್ಕೊಂಡಿದಾನೆ!"

ಮೈದುನ ನನ್ನನ್ನು ನುಂಗುವಂತೆ ನೋಡಿದ. ಮೇಡಂ ಮಾತ್ರ ಕನ್ನಡಕ ಸರಿಪಡಿಸಿಕೊಂಡರು. "ಯಾಕೆ ಸರಿಹೋಗ್ಲಿಲ್ಲ?"

ಮೊದಲು ಗೊಣಗಿದ. ಆಮೇಲೆ ಮಾತು ಹರಿಯತೊಡಗಿತು. ಮೋಟಾರು ಹೊರಡುವ ಕ್ಷಣ ಎಷ್ಟು ಕರೆಂಟ್ ಎಳೆಯುತ್ತದೆ, ಆ ಡಬ್ಬಿ ಅದಕ್ಕೆ ಯಾಕೆ ಸಾಲದು, ಮೇಲಿನ ಮಹಡಿಗಳಲ್ಲೇ ಯಾಕೆ ಹೆಚ್ಚು ಮಂಕು... ವರ್ಷವಿಡೀ ಗುಟ್ಟಾಗಿ ಅದನ್ನೇ ಅಳೆಯುತ್ತಿದ್ದನಂತೆ, ಕಳ್ಳ!

"ಇಷ್ಟೆಲ್ಲಾ ಇಟ್ಕೊಂಡು ದೇಶದ ಗ್ರಿಡ್ ಯಾಕ್ರೀ ಬೇಕು?" ಎಂದರು ಮೇಡಂ. "ಇದೇ ನಿಮ್ಮ ವಿಷಯ."

"ಆದ್ರೆ ಅದು ಫೇಲಾಯ್ತಲ್ಲ ಮೇಡಂ?"

"ಯಾಕೆ ಫೇಲಾಯ್ತು ಅಂತ ಬರೀರಿ. ಇನ್ನೊಬ್ರು ಅದೇ ತಪ್ಪು ಮಾಡೋದು ತಪ್ಪತ್ತೆ."

ಫೋನಿಟ್ಟ ಮೈದುನ ಕುರ್ಚಿಯಲ್ಲಿ ಕುಸಿದು ನಕ್ಕ. ಉಸ್ಸಪ್ಪಾ! ನನಗೂ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅತ್ತೆ ತರಕಾರಿ ಚೀಲ ಹಿಡಿದು ಏದುಸಿರು ಬಿಡುತ್ತಾ ಒಳಗೆ ಬಂದರು. ಸುದ್ದಿ ಕೇಳಿ ಬಾಗಿಲ ಬಳಿಯೇ ಕೂತರು.

"ಹಾಗಾದ್ರೆ ಇನ್ಮೇಲೆ ನಾನು ಲಿಫ್ಟಲ್ಲೇ ಬರ್ಬಹುದಾ?"

"ಯಾಕಮ್ಮ, ಯಾರು ಬೇಡ ಅಂದ್ರು?"

"ನಾನು ಹತ್ತಿದ್ರೂ ದೀಪ ಮಂಕಾಗತ್ತಲ್ಲೋ. ನೀನು ತಲೆ ತಗ್ಗಿಸ್ತೀಯ. ನಂಗೆ ನೋಡಕ್ಕಾಗ್ತಿರ್ಲಿಲ್ಲ."

ಮೈದುನ ಬಂದು ಅಮ್ಮನ ಮಂಡಿಯ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತ. ಆಮೇಲೆ ಎದ್ದು ವೋಲ್ಟೇಜ್ ಅಳೆಯುವ ತನ್ನ ಮೀಟರ್ ತಂದ.

ಅತ್ತೆ ಅಂದು ಲಿಫ್ಟಿನಲ್ಲಿ ಸುಮ್ಮಸುಮ್ಮನೆ ಹತ್ತಿಳಿದರು. ದೀಪ ಮಂಕಾದಾಗಲೆಲ್ಲ ಮೈದುನ ಮೀಟರ್ ನೋಡುತ್ತಾ, "ಅಮ್ಮ ಹೊರಟ್ಲು!" ಎಂದು ಇಡೀ ಮಹಡಿಗೆ ಕೇಳುವಂತೆ ಕೂಗುತ್ತಿದ್ದ.