ಇನ್ನೂರ ಹದಿಮೂರನೆಯ ಹಾಳೆ

ನ್ಯಾಯಾಲಯದ ದಾಖಲೆ ಕೋಣೆಯ ಆ ಗುಮಾಸ್ತರ ಕೈಯಲ್ಲಿ ಕಡತ ಹೊಲಿಯುವ ದಬ್ಬಳ ಸದಾ ಇದ್ದೇ ಇರುತ್ತಿದ್ದರಿಂದ ವಕೀಲರೆಲ್ಲ ಅವರನ್ನು ‘ದಬ್ಬಳ ಸಾರ್’ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷದ ನೌಕರಿ. ಒಂದೇ ಒಂದು ಹಾಳೆ ಆಚೀಚೆಯಾದ ಕೆಟ್ಟ ಹೆಸರಿಲ್ಲ. ಬಡ್ತಿಯೂ ಇಲ್ಲ, ಆ ಮಾತು ಬಿಡಿ.

ಬಿಡುವುದೇನು, ಇಡೀ ಕಥೆಯೇ ಆ ಮಾತಿನದು! ಅವರ ಪಕ್ಕ ಕೂತು, ದಾರ ಪೋಣಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿತ ಹುಡುಗಿ ಪರೀಕ್ಷೆ ಬರೆದು ಪಕ್ಕದ ಜಿಲ್ಲೆಯ ನ್ಯಾಯಾಲಯಕ್ಕೆ ಶಿರಸ್ತೇದಾರ್ ಆಗಿ ಹೋದಳು. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಉದ್ದ! ಸುದ್ದಿ ಬಂದಾಗ ದಬ್ಬಳ ಸಾರ್ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮನೆಗೆ ಹೋಗಿ ಊಟ ಬೇಡವೆಂದು ಮಲಗಿದರು. “ಹೊಟ್ಟೆ ನೋವಾ?” ಎಂದು ಹೆಂಡತಿ ಕೇಳಿದರೆ “ಹೂಂ” ಅಂದರು.

ಹೀಗಿರುವಾಗ ಅಕ್ಕತಂಗಿಯರ ಹಿಟ್ಟಿನ ಗಿರಣಿಯ ದಾವೆ ಅದೇ ಜಿಲ್ಲೆಗೆ ವರ್ಗವಾಯಿತು. ಹದಿನಾಲ್ಕು ವರ್ಷ ಇವರ ಕಪಾಟಿನಲ್ಲಿದ್ದ ಕಡತ. ಇಬ್ಬರೂ ಈಗ ಆ ಕಡೆ ವಾಸ, ಇಬ್ಬರಿಗೂ ಮೊಣಕಾಲು ನೋವು, ಬಸ್ಸು ಹತ್ತಲಾಗುವುದಿಲ್ಲ ಎಂದು ಒಟ್ಟಿಗೆ ಅರ್ಜಿ ಹಾಕಿದ್ದರು. ಅಷ್ಟು ವರ್ಷದಲ್ಲಿ ಅವರು ಒಪ್ಪಿದ್ದು ಅದೊಂದನ್ನೇ. ಹೋಗುವಾಗ ಅಕ್ಕ ಸುಮ್ಮನೆ ಹೋಗಬಾರದೇ?

“ಅಲ್ಲೊಬ್ರು ಮೇಡಂ ಇದಾರಂತಲ್ಲ, ಬಲು ಚುರುಕಂತೆ. ಇನ್ನಾದ್ರೂ ಮುಗಿಯುತ್ತೆ ಬಿಡಪ್ಪ,” ಎಂದಳು.

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಕಳಿಸುವ ಮುನ್ನ ಪ್ರತಿ ಹಾಳೆಗೂ ಕೆಂಪು ಶಾಯಿಯಲ್ಲಿ ಹೊಸದಾಗಿ ನಂಬರು ಹಾಕಬೇಕು. ಇನ್ನೂರ ಹನ್ನೆರಡು ಬರೆದರು. ಮುಂದಿನ ಹಾಳೆಗೆ, ಬೇಕೆಂದೇ, ಇನ್ನೂರ ಹದಿನಾಲ್ಕು ಬರೆದರು. ತೆಗೆದುಕೊಳ್ಳುವವರು ಎಣಿಸಿಯೇ ಸಹಿ ಹಾಕಬೇಕು. ಲೆಕ್ಕ ತಪ್ಪಿದರೆ ಕಡತ ಕಳಿಸಿದಲ್ಲಿಗೇ ವಾಪಸ್. ಬರಲಿ! ‘ಸಾರ್, ಒಂಚೂರು ಸರಿ ಮಾಡಿಕೊಡಿ’ ಅಂತ ಒಂದು ಸಲವಾದರೂ ನನ್ನ ಮುಂದೆ ನಿಲ್ಲಲಿ, ದೊಡ್ಡ ಶಿರಸ್ತೇದಾರಳು!

ಕಡತ ವಾಪಸ್ ಬರಲಿಲ್ಲ. ಎರಡು ತಿಂಗಳಾದ ಮೇಲೆ ಅವಳ ಫೋನ್ ಬಂತು.

“ಸಾರ್, ಗಿರಣಿ ದಾವೇಲಿ ಇನ್ನೂರ ಹದಿಮೂರನೇ ಹಾಳೆ ಇಲ್ಲ. ಯಾರೋ ಕದ್ದಿದಾರೆ ಅಂತ ತಂಗಿ ಕಡೆ ವಕೀಲ್ರು ಗಲಾಟೆ ಎಬ್ಬಿಸಿದಾರೆ. ವಿಚಾರಣೆ ನಿಂತೋಗಿದೆ, ನಂಗೆ ನೋಟಿಸು. ನಿಮ್ಮ ಕೈಯಿಂದ ಬಂದಿದ್ದಲ್ವಾ ಅಂತ ಎಣಿಸ್ದೆ ಸಹಿ ಹಾಕ್ಬಿಟ್ಟೆ.”

ದಬ್ಬಳ ಸಾರ್ ಕೈಯಲ್ಲಿದ್ದ ದಬ್ಬಳ ಕೆಳಗಿಟ್ಟರು. “ನನ್ ಹೆಸರು ಹೇಳಿದ್ಯಾ?”

“ಛೇ, ನೀವು ತಪ್ಪು ಮಾಡ್ತೀರಾ ಸಾರ್! ಇಲ್ಲೇ ಎಲ್ಲೋ ನನ್ನಿಂದ್ಲೇ ಕಳೆದಿದೆ. ಅದ್ರಲ್ಲಿ ಏನಿತ್ತು ಅಂತ ನೆನಪಿದ್ರೆ ಹೇಳಿ. ಮೂರು ದಿನದಿಂದ ಹುಡುಕ್ತಿದೀನಿ.”

ಇಂಥ ಹೊತ್ತಿನಲ್ಲೂ ಅವರಿಗೆ ಅವಳ ಮೇಲೆ ಹೊಟ್ಟೆ ಉರಿಯಿತು. ಇಷ್ಟೊಂದು ಒಳ್ಳೆಯತನವನ್ನು ಇವಳಿಗೆ ಕಲಿಸಿದವರು ಯಾರು? ತಾನಂತೂ ಕಲಿಸಿರಲಿಲ್ಲ. ನೆನಪಿಲ್ಲ ಅಂದುಬಿಟ್ಟರೆ ಮುಗಿಯಿತು; ಅವಳ ಕೆಲಸ ಹೋಗುತ್ತದೆ, ಇವರ ಕೂದಲೂ ಕೊಂಕುವುದಿಲ್ಲ.

“ಹುಡುಕ್ಬೇಡಮ್ಮ,” ಎಂದರು. “ಆ ಹಾಳೆ ಇರ್ಲೇ ಇಲ್ಲ. ಬೇಕೂಂತ್ಲೇ ನಂಬರು ಹಾರಿಸ್ದೆ. ಹೊಟ್ಟೆಕಿಚ್ಚು ಕಣಮ್ಮ.”

ಆ ಕಡೆ ಯಾರೋ ಬಾಗಿಲು ಹಾಕಿದ ಸದ್ದಾಯಿತು.

“ಅದನ್ನೇ ಬರೆದು, ಸಹಿ ಹಾಕಿ ಕಳಿಸಿ ಸಾರ್,” ಎಂದಳು. “ಈ ಸಲ ಎಣಿಸಿ ತಗೋತೀನಿ.”